ಅಮ್ಮನ ಹೆಬ್ಬೆರಳಿಗೆ ಬಂದ ನೋಟಿಸಿಗೆ ಉತ್ತರ

ಔಷಧಿ ವಿತರಣಾ ಇಲಾಖೆಯ ನಿರ್ದೇಶಕರ ಕುರ್ಚಿಯಲ್ಲಿರುವ ಮಾನ್ಯರೇ,

ನಿಮ್ಮ ಕಚೇರಿಯ ಕಾರಣ ಕೇಳುವ ನೋಟಿಸು ಕಳೆದ ಬುಧವಾರ ನಮ್ಮ ಮನೆ ತಲುಪಿತು. ನನ್ನ ಹೆಂಡತಿಯ ಔಷಧಿ ಕಾರ್ಡಿಗೆ ನನ್ನ ತಾಯಿಯ ಹೆಬ್ಬೆರಳಿನ ಗುರುತು ಕೊಟ್ಟು ಇಲಾಖೆಯನ್ನು ವಂಚಿಸಲಾಗಿದೆ, ಆದ್ದರಿಂದ ಇಬ್ಬರ ಕಾರ್ಡನ್ನೂ ತಡೆಹಿಡಿಯಲಾಗಿದೆ, ಮುಂದಿನ ಕ್ರಮ ಏಕೆ ಕೈಗೊಳ್ಳಬಾರದು ಎಂಬುದಕ್ಕೆ ಹದಿನೈದು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು ಅದರಲ್ಲಿದೆ. ಹದಿನೈದು ದಿನ ಬೇಡ. ವಂಚಿಸಿದ್ದು ನಿಜ. ಬೆರಳು ಅಮ್ಮನದೇ, ಒತ್ತುವಾಗ ಪಕ್ಕದಲ್ಲಿ ನಿಂತು ಸರಿಯಾಗಿ ಒತ್ತಮ್ಮ ಎಂದವನು ನಾನೇ. ಆದರೆ ಈ ಉತ್ತರವನ್ನು ಲಕೋಟೆಗೆ ಹಾಕಿ ಕಳಿಸಿದರೆ ಯಾವ ಕಡತದ ಕೆಳಗೆ ಸೇರಿ ಧೂಳು ತಿನ್ನುತ್ತದೆ ಎಂಬುದು ನನಗೆ ಗೊತ್ತಿರುವುದರಿಂದ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿನಲ್ಲಿ ಬರೆಯುತ್ತಿದ್ದೇನೆ. ಕೋಪದಿಂದ ಬರೆಯುತ್ತಿದ್ದೇನೆ ಎಂದು ಭಾವಿಸಬೇಡಿ. ಕೋಪ ಬರಬೇಕಾದರೆ ಎದುರಿಗಿರುವವರ ಮೇಲೆ ಒಂದಿಷ್ಟು ಗೌರವ ಉಳಿದಿರಬೇಕು. ನನಗೆ ಬಂದಿರುವುದು ಹೇಸಿಗೆ.

ನನ್ನ ಹೆಂಡತಿಗೆ ಇಪ್ಪತ್ತೆಂಟು ವರ್ಷ. ಕೃತಕ ಹಲ್ಲುಗಳನ್ನು ಮಾಡುವ ಪ್ರಯೋಗಾಲಯದಲ್ಲಿ ಅವಳ ಕೆಲಸ. ಮೇಣದಲ್ಲಿ ಒಂದೊಂದೇ ಹಲ್ಲನ್ನು ಕೆತ್ತಿ, ಒಸಡಿಗೆ ಹೊಂದಿಸಿ, ನೋಡಿದವರು ಅಸಲಿ ಎನ್ನುವಂತೆ ಮಾಡುತ್ತಾಳೆ. ಊರಿನ ಅರ್ಧಕ್ಕರ್ಧ ಹಿರಿಯರು ಅವಳ ಕೈಕೆಲಸದಿಂದಲೇ ಅಗಿಯುತ್ತಿದ್ದಾರೆ. ಮಾನ್ಯರು ಸಭೆಗಳಲ್ಲಿ ನಗುವಾಗ ಕಾಣುವ ಸಾಲು ಕೂಡ ಅವಳದೇ ಇರಬಹುದು, ಒಮ್ಮೆ ಕನ್ನಡಿ ನೋಡಿಕೊಳ್ಳಿ. ನಮ್ಮ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಅವಳಿಗೆ ಸುಸ್ತು, ಹೊಟ್ಟೆ ತೊಳಸು ಶುರುವಾದಾಗ ಅಮ್ಮ ಫೋನಿನಲ್ಲೇ ತೀರ್ಮಾನ ಮಾಡಿಬಿಟ್ಟಳು. ಭಾರ ಎತ್ತಬೇಡ, ಓಡಾಡಬೇಡ ಎಂದು ಉಪದೇಶವೂ ಆಯಿತು. ಆ ಸಂತೋಷದಲ್ಲೇ ನಾವಿಬ್ಬರೂ ಸ್ಕ್ಯಾನ್ ಮಾಡಿಸಲು ಹೋದೆವು. ಸ್ಕ್ಯಾನ್ ಮಾಡುತ್ತಿದ್ದಾಕೆ ಅಲ್ಲಿಯವರೆಗೂ ನಗುತ್ತಾ ಹರಟುತ್ತಿದ್ದವಳು ಇದ್ದಕ್ಕಿದ್ದಂತೆ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ಹಾಗೇ ಮಲಗಿರಿ, ಡಾಕ್ಟರನ್ನ ಕರ್ಕೊಂಡು ಬರ್ತೀನಿ" ಎಂದು ಎದ್ದು ಹೋದಳು. ವಾರದೊಳಗೆ ಗೊತ್ತಾಯಿತು, ಮಗುವಲ್ಲ, ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಅಮ್ಮ ಎರಡು ಬ್ಯಾಗು ಹಿಡಿದುಕೊಂಡು ಬಂದಿಳಿದಳು. ಒಂದನ್ನು ಬಿಚ್ಚಿದಳು, ಇನ್ನೊಂದನ್ನು ಬಿಚ್ಚದೆ ಅಟ್ಟಕ್ಕೆ ಹಾಕಿದಳು. ಅದರಲ್ಲಿ ಏನಿದೆ ಎಂದು ನಾವು ಇಂದಿಗೂ ಕೇಳಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಮಾತ್ರೆ. ಹದಿನಾಲ್ಕು ದಿನ ನುಂಗಬೇಕು, ಏಳು ದಿನ ಬಿಡಬೇಕು, ಇದು ಒಂದು ಸುತ್ತು, ಇಂಥವು ಎಂಟು. ಹೊರಗಿನ ಯಾವ ಅಂಗಡಿಯಲ್ಲೂ ಸಿಗದ, ನಿಮ್ಮ ಇಲಾಖೆಯೇ ತರಿಸಿ, ನಿಮ್ಮ ಕೌಂಟರಿನಲ್ಲೇ ಹಂಚುವ ಮಾತ್ರೆ. ರೋಗಿ ಖುದ್ದಾಗಿ ಬಂದು ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಹಸಿರು ದೀಪ ಹತ್ತುತ್ತದೆ, ಡಬ್ಬಿ ಹೊರಗೆ ಬರುತ್ತದೆ. ನನ್ನ ಮಾವನವರು, ಅಂದರೆ ಅವಳ ತಂದೆ, ನಿವೃತ್ತ ಬಸ್ ಕಂಡಕ್ಟರ್. ಬೆಳಗ್ಗೆ ಆರಕ್ಕೇ ಹೋಗಿ ಅವಳು ಬರುವವರೆಗೆ ಸಾಲಿನಲ್ಲಿ ಜಾಗ ಹಿಡಿದು ನಿಲ್ಲುತ್ತಿದ್ದರು. ಬೇಡಿ ಎಂದರೆ, "ಮೂವತ್ತು ವರ್ಷ ಜನರನ್ನ ಒಳಗೆ ಸರೀರಿ, ಸರೀರಿ ಅಂತ ಗೋಳು ಹುಯ್ಕೊಂಡಿದ್ದೀನಿ ಅಳಿಯಂದ್ರೇ. ಅದರ ಶಾಪ ಇದು, ತೀರಿಸ್ಕೊಳ್ತೀನಿ ಬಿಡಿ" ಎನ್ನುತ್ತಿದ್ದರು. ಅಮ್ಮ ಫ್ರಿಜ್ಜಿನ ಬಾಗಿಲಿಗೆ ದಿನಕ್ಕೊಂದು ಮನೆ ಬರೆದ ಹಾಳೆ ಅಂಟಿಸಿ, ನುಂಗಿದ ಪ್ರತಿ ಮಾತ್ರೆಗೂ ಒಂದೊಂದು ಗೀಟು ಎಳೆಯುತ್ತಿದ್ದಳು. ಇಷ್ಟು ಜನ ಸೇರಿ ಒಬ್ಬಳನ್ನು ಉಳಿಸಿಕೊಳ್ಳಲು ಹೊರಟಿದ್ದೆವು ಮಾನ್ಯರೇ. ನಮ್ಮ ಸಂಚು ಅಷ್ಟೇ ಆಗಿತ್ತು.

ಎರಡನೇ ಸುತ್ತಿಗೆ ಅವಳ ಅಂಗೈ ಕೆಂಪಾಯಿತು. ಮೂರನೆಯದಕ್ಕೆ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಟ್ಟು, ಬೆರಳ ತುದಿಗಳು ನುಣ್ಣಗೆ ಹೊಳೆಯತೊಡಗಿದವು. ಈ ಮಾತ್ರೆಗೆ ಇದು ಸಹಜ, ಕೆಲವರಿಗೆ ಬೆರಳಿನ ಗೆರೆಗಳೇ ಮಾಸಿಹೋಗುತ್ತವೆ, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಮೂಡುತ್ತವೆ ಎಂದು ಡಾಕ್ಟರು ಹೇಳಿದರು. "ಇನ್ಮೇಲೆ ಕಳ್ಳತನಕ್ಕೆ ಇಳೀತೀನಿ ರೀ, ಯಾವ ಪೊಲೀಸರ ಅಪ್ಪನಿಗೂ ಸಿಗಲ್ಲ" ಎಂದು ಅವಳು ನಕ್ಕಳು. ನಾಲ್ಕನೇ ಸುತ್ತಿನ ದಿನ ನಿಮ್ಮ ಗಾಜಿನ ಮೇಲೆ ಬೆರಳಿಟ್ಟಳು. ಕೆಂಪು ದೀಪ. ಕೌಂಟರಿನಿಂದ "ಕೈ ತೊಳ್ಕೊಂಡು ಬನ್ನಿ" ಎಂದರು. ತೊಳೆದು ಬಂದಳು. "ಒರೆಸ್ಕೊಳ್ಳಿ." ಒರೆಸಿಕೊಂಡಳು. "ಬೇರೆ ಬೆರಳು ಇಡಿ." ಹತ್ತೂ ಬೆರಳಾಯಿತು. ಸಿಪ್ಪೆ ಸುಲಿದ ಕೈಯನ್ನು ಹತ್ತು ಸಲ ಗಾಜಿಗೆ ಒತ್ತುವುದೆಂದರೆ ಏನೆಂದು ನಿಮಗೆ ತಿಳಿಯದು, ಅವಳು ತುಟಿ ಕಚ್ಚಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಕೌಂಟರಿನವರಿಗೆ ಅವಳ ಮುಖ ಗೊತ್ತಿತ್ತು, ಹಿಂದಿನ ಮೂರು ಸಲವೂ ಅವರೇ ಕೊಟ್ಟಿದ್ದರು. ಇವರೇ ಅಂತ ನನಗೆ ಗೊತ್ತು, ಆದರೆ ಯಂತ್ರಕ್ಕೆ ಗೊತ್ತಾಗ್ತಿಲ್ಲವಲ್ಲ ಎಂದು ಅವರು ಪೇಚಾಡಿಕೊಂಡರು.

ಡಾಕ್ಟರಿಂದ ಪತ್ರ ತಂದೆವು. ಬೆರಳಚ್ಚು ಮಾಸಿರುವುದು ಇದೇ ಮಾತ್ರೆಯಿಂದ ಎಂದು ಸಹಿ, ಮೊಹರು ಸಮೇತ ಬರೆದಿತ್ತು. ಅದನ್ನು ಹಿಡಿದು ಮೇಲಿನ ಮಹಡಿಯಲ್ಲಿರುವ ನಿಮ್ಮ ಹಿರಿಯ ಅಧಿಕಾರಿಯ ಬಳಿ ಹೋದೆವು. ಅವರು ಪತ್ರವನ್ನು ಎರಡು ಬಾರಿ ಓದಿದರು. ಆಮೇಲೆ ನಡೆದ ಮಾತುಕತೆಯನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ಗೆರೆ ವಾಪಸ್ ಬರುತ್ತಾ?"

"ಬರುತ್ತೆ ಸರ್, ಮಾತ್ರೆ ನಿಲ್ಲಿಸಿದ ಮೇಲೆ."

"ಹಾಗಾದ್ರೆ ಸಮಸ್ಯೆ ಏನು? ಬಂದ ಮೇಲೆ ಬನ್ನಿ, ಕೊಡ್ತೀವಿ."

ನಾನು ತಮಾಷೆ ಎಂದುಕೊಂಡು ಅವರ ಮುಖ ನೋಡಿದೆ. ಅವರು ಗಂಭೀರವಾಗಿದ್ದರು. ಮಾತ್ರೆ ನಿಲ್ಲಿಸಿದರೆ ಗೆರೆ ಮೂಡುತ್ತದೆ, ಗೆರೆ ಮೂಡಿದರೆ ಮಾತ್ರೆ ಕೊಡುತ್ತಾರೆ. ಅಲ್ಲಿಯವರೆಗೆ ಅವಳ ಹೊಟ್ಟೆಯೊಳಗಿನ ರೋಗವೂ ನಿಮ್ಮ ಕಚೇರಿಯ ವೇಳೆಗೆ ಅನುಗುಣವಾಗಿ ಕಾಯುತ್ತಾ ಕೂತಿರಬೇಕು, ಅಲ್ಲವೇ? ಈ ನಿಯಮವನ್ನು ಬರೆದ ಪುಣ್ಯಾತ್ಮರು ಯಾರು? ಬರೆಯುವಾಗ ಅವರ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನಾದರೂ ಇದ್ದನೇ? ಈ ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲೇ ಕೈ ಚರ್ಮದ ವಿಷಯ ಅಚ್ಚಾಗಿದೆ. ಆ ಚೀಟಿಯನ್ನು ಹಂಚುತ್ತಿರುವ ಇಲಾಖೆ ನಿಮ್ಮದೇ.

ನಾನು ಲಿಫ್ಟ್ ರಿಪೇರಿ ಮಾಡುವವನು. ಹನ್ನೊಂದು ವರ್ಷದಿಂದ ಇದೇ ಕೆಲಸ. ನನ್ನ ಸೊಂಟದ ಗೊಂಚಲಿನಲ್ಲಿ ಯಾವಾಗಲೂ ಒಂದು ತ್ರಿಕೋನದ ಕೀಲಿ ಇರುತ್ತದೆ. ಕರೆಂಟು ಹೋಗಲಿ, ಮೋಟಾರು ಕೆಡಲಿ, ಮಹಡಿಯ ಬಾಗಿಲನ್ನು ಹೊರಗಿನಿಂದ ಕೈಯಲ್ಲೇ ತೆರೆದು ಒಳಗೆ ಸಿಕ್ಕಿಕೊಂಡವರನ್ನು ಇಳಿಸಲು ಅದು. ಬ್ರೇಕನ್ನು ಕೈಯಿಂದ ಸಡಿಲಿಸಲು ಒಂದು ಹಿಡಿಯೂ ಇರುತ್ತದೆ. ಇವೆರಡೂ ಇಲ್ಲದ ಲಿಫ್ಟಿಗೆ ಪರವಾನಗಿಯೇ ಸಿಗುವುದಿಲ್ಲ. ಯಂತ್ರವೆಂದ ಮೇಲೆ ಒಂದಲ್ಲ ಒಂದು ದಿನ ಕೈಕೊಡುತ್ತದೆ, ಆ ದಿನ ಮನುಷ್ಯನ ಕೈ ಒಳಗೆ ಹೋಗಲು ದಾರಿ ಇರಬೇಕು ಎಂಬುದು ನಮ್ಮಂಥ ಗ್ರೀಸು ಮೆತ್ತಿದವರಿಗೂ ಗೊತ್ತಿರುವ ವಿಷಯ. ಒಳಗೆ ಸಿಕ್ಕಿಕೊಂಡವರಿಗೆ, ಲಿಫ್ಟ್ ತಾನಾಗಿಯೇ ಸರಿಹೋದ ಮೇಲೆ ಇಳಿಯಿರಿ ಎಂದು ನಾನೇನಾದರೂ ಹೇಳಿದರೆ ಅದೇ ದಿನ ನನ್ನ ಕೆಲಸ ಹೋಗುತ್ತದೆ. ನಿಮ್ಮ ಅಧಿಕಾರಿ ಅದನ್ನೇ ಹೇಳಿದರು, ಅವರ ಕೆಲಸ ಹೋಗಿಲ್ಲ. ಎದ್ದು ಬರುವಾಗ ಅವರು ಚಹಾ ತರಿಸಿಕೊಳ್ಳುತ್ತಿದ್ದರು.

ಹನ್ನೊಂದು ದಿನ ಹೀಗೆ ಕಳೆದವು. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಹನ್ನೊಂದು ಖಾಲಿ ಮನೆಗಳು. ಅಮ್ಮ ಆ ಬಾಗಿಲು ತೆರೆಯುವಾಗಲೆಲ್ಲ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ಹನ್ನೆರಡನೆಯ ದಿನ ನಿಮ್ಮ ಕಚೇರಿಯಲ್ಲೇ ಒಬ್ಬರು ನನ್ನನ್ನು ಮೆಟ್ಟಿಲ ಬಳಿ ಕರೆದು, "ಕಾರ್ಡು ಹೊಸದಾಗಿ ನೋಂದಾಯಿಸಿ. ಆಗ ಇಟ್ಟ ಬೆರಳೇ ಬೆರಳು. ಯಾರದು ಅಂತ ನಾನಂತೂ ತಲೆ ಎತ್ತಿ ನೋಡಲ್ಲ" ಎಂದರು. ಅವರು ಗಂಡಸೋ ಹೆಂಗಸೋ ಎಂಬುದನ್ನೂ ನಾನು ಹೇಳುವುದಿಲ್ಲ, ವಿಚಾರಣೆಯಲ್ಲಿ ಆ ಪ್ರಶ್ನೆ ಕೇಳಿ ಕಾಲಹರಣ ಮಾಡಬೇಡಿ. ನಿಮ್ಮ ಆ ದೊಡ್ಡ ಕಟ್ಟಡದಲ್ಲಿ ನನಗೆ ಸಿಕ್ಕ ಒಬ್ಬರೇ ಒಬ್ಬರು ಮನುಷ್ಯರು ಅವರು. ಮನೆಗೆ ಬಂದು ಹೇಳಿದೆ. ನಾನು ಮಾತು ಮುಗಿಸುವ ಮೊದಲೇ ಅಮ್ಮ ಸೀರೆಯ ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು, "ನಡಿ, ನನ್ನದು ಕೊಡ್ತೀನಿ" ಎಂದು ಎದ್ದಳು. ಜೀವಮಾನದಲ್ಲಿ ಒಂದು ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದ ಹೆಂಗಸು ಅವಳು. ಹಸಿರು ದೀಪ ಹತ್ತಿದ ಮೇಲೆ ಬೆರಳನ್ನು ಮತ್ತೆ ಸೆರಗಿಗೆ ಒರೆಸಿಕೊಂಡಳು. ನನ್ನ ಹೆಂಡತಿ ಪಕ್ಕದಲ್ಲೇ, ಹೆಸರು ಕೂಗಿದಾಗ ಓಗೊಡಲು ಮಾತ್ರ ನಿಂತಿದ್ದಳು.

ನಾಲ್ಕನೆಯ, ಐದನೆಯ ಸುತ್ತು ಹೀಗೆ ಸಿಕ್ಕವು. ಈ ನಡುವೆ ನಾವು ಮೂರ್ಖರು ಒಂದು ಸಂಗತಿ ಮರೆತಿದ್ದೆವು. ಅಮ್ಮನಿಗೆ ರಕ್ತದೊತ್ತಡವಿದೆ. ಮೂರು ತಿಂಗಳಿಗೊಮ್ಮೆ ಅವಳೂ ನಿಮ್ಮದೇ ಇಲಾಖೆಯ ಪಕ್ಕದ ಕೌಂಟರಿನಲ್ಲಿ, ಅದೇ ಹೆಬ್ಬೆರಳು ಒತ್ತಿ ಮಾತ್ರೆ ತರುತ್ತಾಳೆ. ಈ ಸಲ ಹೋದಾಗ ಯಂತ್ರ ಕಿರುಚಿಕೊಂಡಿತಂತೆ. ಒಂದೇ ಬೆರಳಿಗೆ ಎರಡು ಕಾರ್ಡು ಹೇಗೆ ಎಂದು ಕೇಳಿದರಂತೆ. "ಒಂದು ನನ್ನದು ಕಣಪ್ಪಾ, ಇನ್ನೊಂದು ನನ್ನ ಸೊಸೆಯದು. ಅವಳ ಬೆರಳು ಸರಿಯಿಲ್ಲ, ಅದಕ್ಕೆ ನನ್ನದು ಕೊಟ್ಟಿದ್ದೀನಿ" ಎಂದು ಅಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಿದ್ದಾಳೆ. ಏನು ಚುರುಕು ನಿಮ್ಮ ಯಂತ್ರ. ಮೂರು ಸುತ್ತು ಮಾತ್ರೆ ಕೊಟ್ಟ ರೋಗಿಯನ್ನು ಹತ್ತು ಬೆರಳಿಟ್ಟರೂ ಗುರುತಿಸಲಾರದ್ದು, ಅರವತ್ತರ ಹೆಂಗಸೊಬ್ಬಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಹಾಕಿತು. ಕೊಡುವಾಗ ಕುರುಡು, ಕಿತ್ತುಕೊಳ್ಳುವಾಗ ನೂರು ಕಣ್ಣು. ನಿಮ್ಮ ವಾರ್ಷಿಕ ವರದಿಯಲ್ಲಿ ಇದು 'ಸೋರಿಕೆ ತಡೆ' ಎಂಬ ಶೀರ್ಷಿಕೆಯಡಿ ಬರುತ್ತದೆಂದು ಊಹಿಸಬಲ್ಲೆ. ಸೋರಿಕೆ ಎಂದರೆ ನನ್ನ ಹೆಂಡತಿ.

ನೋಟಿಸು ಬಂದ ದಿನದಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. ಮೊದಲ ದಿನ ಸೊಸೆಯ ಎದುರು ಕೂತು, "ನಿನ್ನ ಔಷಧಿ ನಾನೇ ತಪ್ಪಿಸಿಬಿಟ್ಟೆ ಕಣೇ, ನನ್ನ ಬಾಯಿಗೆ ಮಣ್ಣು ಹಾಕ" ಎಂದು ಅತ್ತಳು. "ಅತ್ತೇ, ಎರಡು ಸುತ್ತು ನಾನು ನುಂಗಿರೋದು ನಿಮ್ಮ ಬೆರಳಿಂದ. ಅದನ್ನ ಯಾರು ವಾಪಸ್ ಕೇಳ್ತಾರೋ ನೋಡೋಣ, ಊಟಕ್ಕೆ ಏಳಿ" ಎಂದಳು ಅವಳು. ಆದರೆ ಅದೇ ಸಂಜೆ ನನ್ನ ಬಳಿ ಬಂದು, "ಸಾಕು ಬಿಡಿ ರೀ. ಐದಾಗಿದೆಯಲ್ಲ, ಅಷ್ಟರಲ್ಲೇ ವಾಸಿಯಾಗಿದ್ದರೂ ಆಗಿರಬಹುದು. ಈ ವಯಸ್ಸಲ್ಲಿ ಅತ್ತೆನ ಕಚೇರಿ ಕಚೇರಿ ಅಲೆಸೋದು ನನಗೆ ಬೇಡ" ಎಂದಳು. ಗಡ್ಡೆ ಎಂದಾಗ ಹೆದರದವಳು, ಹೊಟ್ಟೆ ಕೊಯ್ದಾಗ ಹೆದರದವಳು, ನಿಮ್ಮ ಒಂದು ಹಾಳೆ ಕಾಗದಕ್ಕೆ ಬದುಕುವ ಆಸೆಯನ್ನೇ ಬಿಡಲು ಹೊರಟಿದ್ದಾಳೆ. ಇದಕ್ಕೆ ಸಮಜಾಯಿಷಿಯನ್ನು ನಾನು ಯಾರಿಂದ ಕೇಳಬೇಕು? ಎಷ್ಟು ದಿನಗಳೊಳಗೆ?

ನಿಮ್ಮ ನೋಟಿಸಿನಂತೆ ವಿಚಾರಣೆ ಇನ್ನು ಇಪ್ಪತ್ತನಾಲ್ಕು ದಿನಕ್ಕೆ, ಆ ದಿನ 'ರೋಗಿಯು ಖುದ್ದು ಹಾಜರಾಗಿ ಹೆಬ್ಬೆರಳಿನ ಗುರುತು ನೀಡತಕ್ಕದ್ದು.' ಆರನೇ ಸುತ್ತು ಶುರುವಾಗಬೇಕಾದದ್ದು ಈ ಸೋಮವಾರ. ವಿಚಾರಣೆ ಕಾಯಬಹುದು, ನಾವೆಲ್ಲಿಗೂ ಓಡಿಹೋಗುವುದಿಲ್ಲ, ದಂಡವೋ ಜೈಲೋ ನನ್ನ ಹೆಸರಿಗೇ ಬರೆಯಿರಿ. ಅವಳ ಮಾತ್ರೆ ಕಾಯಲಾರದು. ಸೋಮವಾರ ಬೆಳಗ್ಗೆ ಹತ್ತಕ್ಕೆ ನಾವು ನಾಲ್ವರೂ ನಿಮ್ಮ ಕೌಂಟರಿನ ಮುಂದೆ ಇರುತ್ತೇವೆ. ನೀವು ನಿಮ್ಮ ಕೋಣೆಯಿಂದ ಎರಡು ಮಹಡಿ ಇಳಿದು ಬನ್ನಿ. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಡುತ್ತಾಳೆ, ನಿಮ್ಮ ಸ್ವಂತ ಕಣ್ಣಿನಿಂದ ನೋಡಿ. ಡಾಕ್ಟರ ಪತ್ರ ನೋಡಿ, ಅವಳ ಮುಖ ನೋಡಿ, ಡಬ್ಬಿ ಕೊಡಿ, ಕೊಟ್ಟೆ ಎಂದು ನಿಮ್ಮ ಕೈಯಾರೆ ಸಹಿ ಮಾಡಿ. ಅಮ್ಮನ ಕಾರ್ಡನ್ನೂ ಅಲ್ಲೇ ಬಿಡುಗಡೆ ಮಾಡಿ. ಇನ್ನು ಮುಂದೆ ಬೆರಳು ಸವೆದ ಯಾರೇ ಬಂದರೂ, ಅವರನ್ನು ಕಣ್ಣಿನಿಂದ ಗುರುತಿಸಿ ಔಷಧಿ ಕೊಡುವ ಅಧಿಕಾರ ಕೌಂಟರಿನಲ್ಲಿ ಕೂತ ಮನುಷ್ಯರಿಗೆ ಇದೆ ಎಂದು ಒಂದು ಆದೇಶ ಹೊರಡಿಸಿ. ನಾಲ್ಕು ಸಾಲು ಸಾಕು.

ನೀವು ಬರದಿದ್ದರೆ ಏನಾಗುತ್ತದೆ ಎಂಬುದನ್ನೂ ಮುಂಚಿತವಾಗಿ ತಿಳಿಸುವುದು ನನ್ನ ಕರ್ತವ್ಯ. ನಾವು ಮತ್ತೆ ವಂಚಿಸುತ್ತೇವೆ. ಈ ಸಲ ಮೆಟ್ಟಿಲ ಬಳಿ ಪಿಸುಗುಟ್ಟಿ ಅಲ್ಲ, ಎಲ್ಲರ ಎದುರಿನಲ್ಲಿ. ಅವಳಿಗೆ ಬಾಕಿ ಇರುವುದು ಮೂರು ಸುತ್ತು. ನನ್ನವು ಎರಡು, ಮಾವನವರವು ಎರಡು, ಮನೆಯಲ್ಲಿ ಇನ್ನೂ ನಾಲ್ಕು ಹೆಬ್ಬೆರಳುಗಳಿವೆ.

ಇಂತಿ,
ತಪ್ಪೊಪ್ಪಿಕೊಂಡಿರುವ,
ನಿಮ್ಮ ದಾಖಲೆಯಲ್ಲಿ ಇಲ್ಲದ ಹೆಂಡತಿಯೊಬ್ಬಳ ಗಂಡ