ಒಳಗೆ ಬರುವ ಇನ್ನೊಬ್ಬಳು

ನಾಸಿಕ್
ಜೂನ್ 18, 1970, ಗುರುವಾರ

ಬೆಳಿಗ್ಗೆ ವಾರಿಜಾಳ ಮೂತ್ರ ಟ್ಯೂಬಿನಲ್ಲಿ ಕಾಯಿಸಿದೆ. ತಿಳಿಯಾಗಿತ್ತು. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದೆ — ಮೋಡ ಇಲ್ಲ. ಬೆಳ್ಳಗೆ ಒಡೆದರೆ ಕಿಡ್ನಿ ಸೋರುತ್ತಿದೆ ಎಂದು ಅರ್ಥ. ಅಷ್ಟನ್ನು ಡಾಕ್ಟರು ಕಲಿಸಿಕೊಟ್ಟಿದ್ದಾರೆ. ವಾರಿಜಾಳಿಗೆ ಏಳು ವರ್ಷವಿದ್ದಾಗ ಶುರುವಾದದ್ದು. ಈಗ ಒಂಬತ್ತು.

ಮಾತ್ರೆ ಹೆಚ್ಚು ಮಾಡಿದ ಮೇಲೆ ಕಾಲಿನ ಬಾವು ಇಳಿದಿದೆ. ಮುಖ ಮಾತ್ರ ದುಂಡಗಾಗಿದೆ. ನಗುವಾಗ ಕಣ್ಣೇ ಕಾಣುವುದಿಲ್ಲ. ಈಗ ನಗುವುದೂ ಕಡಿಮೆ.

ಕೆಳಗೆ ನಮ್ಮ ಹೋಟೆಲಿನಿಂದ ವಡೆ ಕರಿಯುವ ವಾಸನೆ. ಮೇಲೆ ಅವಳಿಗೆ ಉಪ್ಪಿಲ್ಲದ ಗಂಜಿ. ಮೊದಲೆಲ್ಲ ಅಳುತ್ತಿದ್ದಳು. ಇವತ್ತು ಬಟ್ಟಲನ್ನು ಗೋಡೆಗೆ ಎಸೆದಳು. ಎಸೆದು ನನ್ನನ್ನೇ ನೋಡಿದಳು. ಆ ನೋಟ... ನನ್ನ ಮಗಳದ್ದಲ್ಲ ಅನಿಸಿತು. ಛೆ, ಎಂತ ಬರೆಯುತ್ತಿದ್ದೇನೆ.

ಜೂನ್ 22

ವಾರಿಜಾಳ ಶಾಲೆಯ ಶಾಂತಾಬಾಯಿ ಟೀಚರ್ ಚಹಾಕ್ಕೆ ಬಂದವರು ಮೇಲೆ ಹತ್ತಿ ಬಂದರು. ಮರಾಠಿಯಲ್ಲಿ, ತುಂಬಾ ಮೆತ್ತಗೆ ಹೇಳಿದರು. ಏಳರ ಮಗ್ಗಿ ಹೇಳು ಎಂದು ಇವಳನ್ನು ಎಬ್ಬಿಸಿ ನಿಲ್ಲಿಸಿದರಂತೆ. ಅರ್ಧಕ್ಕೆ ನಿಂತಳಂತೆ. ಹೋದ ವರ್ಷ ಇಡೀ ಕ್ಲಾಸಿಗೆ ಹೇಳಿಕೊಡುತ್ತಿದ್ದವಳು! ಹಿಂದಿನ ಬೆಂಚಿನ ಹುಡುಗಿ 'ಭೋಪಳಾ' ಎಂದಳು — ಕುಂಬಳಕಾಯಿ. ಇವಳು ಅವಳ ಕೂದಲು ಹಿಡಿದು ತಲೆಯನ್ನು ಬೆಂಚಿಗೆ ಗುದ್ದಿದಳಂತೆ.

ಇರುವೆ ಸತ್ತರೂ ಅಳುತ್ತಿದ್ದ ಮಗು.

ಇವರಿಗೆ ಹೇಳಿದೆ. "ಕಾಯಿಲೆಯ ಮಗು ಅಲ್ವ, ಸಿಟ್ಟು ಬರ್ತದೆ. ನೀನು ಹೆದರ್ಬೇಡ" ಎಂದು ಗಲ್ಲಾಕ್ಕೆ ಹೋದರು. ಹೆದರದೆ ಇರಲು ಅವರಿಗೆ ಗಲ್ಲಾ ಉಂಟು.

ಜೂನ್ 25, ಮಧ್ಯಾಹ್ನ

ಕೂಸನ್ನು ಮಡಿಲಲ್ಲೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಬಟ್ಟೆ ಒಗೆಯುತ್ತಿದ್ದೆ. ತೊಟ್ಟಿಲಲ್ಲಿದ್ದ ದಿನು, ವಾರಿಜಾಳ ತಮ್ಮ, ಕಿರುಚಿದ. ಓಡಿ ಬಂದೆ. ವಾರಿಜಾ ತೊಟ್ಟಿಲು ತೂಗುತ್ತಿದ್ದಳು — ತೂಗುವುದಲ್ಲ, ಗೋಡೆಗೆ ಬಡಿಯುತ್ತಿದ್ದಳು. ಹತ್ತು ತಿಂಗಳ ಕೂಸು ಅದರೊಳಗೆ ಉರುಳಾಡುತ್ತಿತ್ತು. ಎತ್ತಿಕೊಂಡು ಹೊರಗೆ ಓಡಿದೆ. ಓಡುವಾಗ ಹೊರಗಿನಿಂದ ಬಾಗಿಲಿನ ಚಿಲಕ ಹಾಕಿದೆ. ಯಾಕೆ ಹಾಕಿದೆ? ಒಂಬತ್ತು ವರ್ಷದ ಹುಡುಗಿಗೆ?

ಒಳಗಿನಿಂದ ಅವಳ ದನಿ: "ಅಮ್ಮ, ಅದು ನಾನಲ್ಲ. ಅಮ್ಮ, ಮೀ ನಾಹೀ!"

ಸರೋಜಿನಿಯಕ್ಕ — ಇವರ ಅಕ್ಕ, ಗಂಡ ತೀರಿದ ಮೇಲೆ ನಮ್ಮೊಟ್ಟಿಗೇ ಇರುವವರು — ಅಡುಗೆಮನೆಯಲ್ಲಿ ನನ್ನ ಕಿವಿಗೆ ಹೇಳಿದರು: "ಹುಡುಗಿಯ ಹಿಂದೆ ಎಂತದೋ ನಿಂತಿದೆ ರಾಜೀವಿ. ಊರಿಗೆ ಬರೆದು ದೈವದ ದರ್ಶನದಲ್ಲಿ ಕೇಳಿಸುವ."

"ಸುಮ್ಮನಿರಿ ಅಕ್ಕ" ಅಂದೆ. ಆಮೇಲೆ ತರಕಾರಿ ಹೆಚ್ಚುವ ಮೆಟ್ಟುಗತ್ತಿಯನ್ನು ಕೆಳಗೆ ಹೋಟೆಲಿನ ಅಡುಗೆಮನೆಗೆ ಕಳಿಸಿದೆ. ವಾರಿಜಾ ನೋಡುತ್ತಿರಲಿಲ್ಲ ಅಂದುಕೊಂಡಿದ್ದೇನೆ.

ಜುಲೈ 3

ಬರೆಯಲು ಮನಸ್ಸು ಬಂದಿರಲಿಲ್ಲ. ಈಗ ಬರೆಯಬಹುದು. ನಾಲ್ಕು ದಿನದಿಂದ ವಾರಿಜಾ ಮೆತ್ತಗಾಗಿದ್ದಾಳೆ. ಕರೆದರೆ ಬರುತ್ತಾಳೆ. ಬಟ್ಟಲು ಎಸೆಯುವುದಿಲ್ಲ. ನಿನ್ನೆ ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಸರೋಜಿನಿಯಕ್ಕ ಹರಕೆ ಹೊತ್ತಿದ್ದರಂತೆ, ಫಲ ಕೊಟ್ಟಿತು ಎನ್ನುತ್ತಾರೆ. ಇವರು ಸಂತೋಷಕ್ಕೆ ಹೋಟೆಲಿನವರಿಗೆಲ್ಲ ಶಿರಾ ಮಾಡಿಸಿದರು.

ಆದರೆ ಬೆಳಿಗ್ಗೆ ಟ್ಯೂಬು ಕಾಯಿಸಿದಾಗ ಸ್ವಲ್ಪ ಮಸುಕು. ಟ್ಯೂಬು ಸರಿಯಾಗಿ ತೊಳೆದಿರಲಿಕ್ಕಿಲ್ಲ.

ಜುಲೈ 4

ತೊಳೆದೇ ಕಾಯಿಸಿದೆ. ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಯಿತು. ಕಣ್ಣಿನ ಕೆಳಗೆ ಬಾವು.

ಮಾತ್ರೆ ತಪ್ಪಿಸಿಲ್ಲ. ದಿನುವಿಗೆ ಹಾಲೂಡಿಸುವ ಹೊತ್ತಿಗೆ ಅಕ್ಕನೇ ಅವಳಿಗೆ ಕೊಡುತ್ತಾರೆ. ಮತ್ತೆ ಯಾಕೆ? ಮತ್ತೆ ಯಾಕೆ?

ಜುಲೈ 6

ಗೊತ್ತಾಯಿತು.

ಮಳೆ ಬಿಟ್ಟಿತ್ತು. ಬಟ್ಟೆ ಒಣಗಿಸಲು ಹಿಂದಿನ ಕಿಟಕಿ ತೆರೆದೆ. ಕೆಳಗಿನ ತಗಡಿನ ಮಾಡಿನ ಮೇಲೆ ಬಿಳಿ ಬಿಳಿ ಚುಕ್ಕೆ. ಮಳೆಗೆ ಕರಗಿ ಸುಣ್ಣದ ಹಾಗೆ ಆಗಿತ್ತು. ಒಂದೆರಡು ಇನ್ನೂ ಗುಂಡಗೆ ಉಳಿದಿದ್ದವು.

ಮಾತ್ರೆ.

ವಾರಿಜಾ ಚಾಪೆಯಲ್ಲಿ ಮಲಗಿದ್ದಳು. ಕಣ್ಣು ಪೂರ್ತಿ ತೆರೆಯುವುದಿಲ್ಲ ಈಗ. ಕೇಳಿದೆ. ಸುಳ್ಳು ಹೇಳಲಿಲ್ಲ. ಕೆನ್ನೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗಿಯುತ್ತಿದ್ದಳಂತೆ.

"ಯಾಕೆ ಮಗಾ? ಸಾಯ್ಬೇಕು ಅಂತ ಉಂಟಾ ನಿನಗೆ?" ಜೋರಾಗಿಯೇ ಕೇಳಿದೆ.

"ಮಾತ್ರೆ ತಿಂದ್ರೆ ನನ್ನ ಒಳಗೆ ಇನ್ನೊಬ್ಬಳು ಬರ್ತಾಳೆ ಅಮ್ಮ. ಅವಳು ತಮ್ಮನನ್ನು ಹೊಡೀತಾಳೆ. ನೀನು ಅವಳಿಗೆ ಹೆದರ್ತಿ."

"ನಾನು ಹೆದರಲಿಲ್ಲ."

"ಹೆದರಿದ್ದಿ. ಚಿಲಕ ಹಾಕಿದ್ದಿ. ಕತ್ತಿ ಕೆಳಗೆ ಕಳಿಸಿದ್ದಿ."

ಬಾತುಹೋದ ಅವಳ ಪಾದ ಹಿಡಿದುಕೊಂಡು ಕೂತೆ. ಒತ್ತಿದ ಕಡೆ ಬೆರಳಿನ ಗುಂಡಿ ಹಾಗೆಯೇ ಉಳಿಯಿತು.

ಔರಂಗಾಬಾದ್
ಜುಲೈ 9

ಇಲ್ಲಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾಸಿಕಿನ ಡಾಕ್ಟರೇ ಕಳಿಸಿದರು. ಎಸ್.ಟಿ. ಬಸ್ಸಿನಲ್ಲಿ ಬಂದೆವು. ದಿನು ಅಕ್ಕನ ಹತ್ತಿರ. ಎದೆ ಹಾಲು ಕಟ್ಟಿ ನೋಯುತ್ತಿದೆ. ಇವರು ದೇವದಾಸಣ್ಣನ ಹೋಟೆಲಿನಲ್ಲಿ ಉಳಿದಿದ್ದಾರೆ, ದೂರದ ನೆಂಟರು. ನಾನು ವಾರ್ಡಿನಲ್ಲಿ, ಮಂಚದ ಕೆಳಗೆ.

ಹೊಟ್ಟೆಯಲ್ಲಿ ನೀರು ತುಂಬಿದೆ. ಇವತ್ತು ನನ್ನನ್ನು ನೋಡಿ "ಕಾಕೂ" — ಚಿಕ್ಕಮ್ಮ — ಎಂದಳು. ಯಾರೋ ಹೆಂಗಸು ಅಂದುಕೊಂಡಳು. ನಾನು ಅಮ್ಮ ಎಂದೆ. ತುಂಬಾ ಹೊತ್ತು ನೋಡಿದಳು.

ಕಿಡ್ನಿ ಹೋದರೆ ತಲೆಯೂ ಹೋಗುತ್ತದೆಯೇ? ಯಾರನ್ನು ಕೇಳುವುದು?

ಜುಲೈ 11

ಕೇಳಿದೆ. ಇಲ್ಲಿಯ ಲೇಡಿ ಡಾಕ್ಟರ್ ಅವಸರ ಮಾಡುವವರಲ್ಲ. ಸ್ಟೂಲು ಎಳೆದುಕೊಂಡು ಕೂತರು. ಈ ಮಾತ್ರೆಗೆ ಕೆಲವು ಮಕ್ಕಳಿಗೆ ಹಾಗೆ ಆಗುತ್ತದಂತೆ — ಸಿಟ್ಟು, ಅಳು, ನಿದ್ದೆ ಇಲ್ಲದ್ದು. ಮರೆವು ಬರುವುದು ರಕ್ತದಲ್ಲಿ ಕೊಳೆ ನಿಂತದ್ದಕ್ಕೆ. ಅದು ಇಳಿದರೆ ಮರೆವೂ ಇಳಿಯಬಹುದು. ಆದರೆ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಎರಡು ವರ್ಷದಲ್ಲಿ ಯಾರೂ ಇದನ್ನು ನಮಗೆ ಹೇಳಿರಲಿಲ್ಲ.

ಆಮೇಲೆ ಮಗುವಿನ ಕಡೆ ತಿರುಗಿ ಅವಳಿಗೂ ಅದನ್ನೇ ಹೇಳಿದರು, ಮರಾಠಿಯಲ್ಲಿ, ದೊಡ್ಡವರಿಗೆ ಹೇಳುವ ಹಾಗೆ.

ವಾರಿಜಾ ಕೇಳಿದಳು: "ಮಗ ಮೀ ವೇಡೀ ನಾಹೀ?" ಹಾಗಾದರೆ ನನಗೆ ಹುಚ್ಚಿಲ್ಲವಾ?

"ನಾಹೀ ಬಾಳ." ಇಲ್ಲ ಮಗು.

ಮುಖ ಗೋಡೆಗೆ ತಿರುಗಿಸಿ ಅತ್ತಳು. ಎಷ್ಟು ದಿನದಿಂದ ಈ ಪ್ರಶ್ನೆ ಇಟ್ಟುಕೊಂಡು ಮಲಗಿದ್ದಳೋ.

ಜುಲೈ 15

ಪಕ್ಕದ ಮಂಚದ ವೈಜನಾಥ ಹೋದ. ಪೈಠಣದ ಕಡೆಯ ಹುಡುಗ, ಇವಳದ್ದೇ ಕಾಯಿಲೆ. ನಿನ್ನೆ ಇವಳಿಗೆ ಕಾಗದದ ಗಿಳಿ ಮಾಡಿಕೊಟ್ಟಿದ್ದ. ಬೆಳಿಗ್ಗೆ ಪರದೆ ಅಡ್ಡ ಇಟ್ಟರು.

"ಮನೆಗೆ ಹೋದ" ಎಂದೆ ವಾರಿಜಾಳಿಗೆ.

"ಸುಳ್ಳು. ಚಪ್ಪಲಿ ಇಲ್ಲೇ ಉಂಟು."

ಕಾಗದದ ಗಿಳಿಯನ್ನು ಕೈಗೆತ್ತಿಕೊಂಡು ಕೇಳಿದಳು: "ನಾನೂ ಸಾಯ್ತೇನಾ?"

ಇಲ್ಲ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. "ಗೊತ್ತಿಲ್ಲ ಮಗಾ. ಔಷಧ ಮಾಡ್ತಾ ಇದ್ದಾರೆ. ನನಗೂ ತುಂಬಾ ಹೆದರಿಕೆ ಆಗ್ತದೆ."

"ನನಗೆ ಹೆದರುವುದಾ?"

"ನಿನಗಲ್ಲ. ನೀನು ಹೋಗಿಬಿಟ್ರೆ ಅಂತ."

ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿದ್ದೆ ಹೋದಳು. ಇವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಮಗುವಿಗೆ ಹಾಗೆ ಹೇಳ್ತಾರಾ ಯಾರಾದ್ರೂ?" ಎಂದರು. ಹೊರಗೆ ವರಾಂಡದಲ್ಲಿ ಹೋಗಿ ಅತ್ತರು. ಹದಿಮೂರು ವರ್ಷದ ಸಂಸಾರದಲ್ಲಿ ಮೊದಲ ಸಲ ನೋಡಿದೆ.

ಜುಲೈ 24

ನೀರು ಇಳಿಯುತ್ತಿದೆ. ಮಾತ್ರೆ ಪೂರ್ತಿ ನುಂಗುತ್ತಾಳೆ. ಸಿಟ್ಟೂ ಬಂತು. ತಲೆ ಬಾಚುವಾಗ ನನ್ನ ಕೈ ಕಚ್ಚಿದಳು, ರಕ್ತ ಬಂತು. ನರ್ಸ್ ಓಡಿ ಬಂದಳು. ನಾನು ಎದ್ದು ಹೋಗಲಿಲ್ಲ. ಹೋಗಬೇಕು ಅನಿಸಿತು, ಆದರೂ ಕೂತೆ. ಅವಳೇ ಬಿಟ್ಟಳು. ಗಾಯ ನೋಡಿದಳು. ಊದಿದಳು.

ನಾಸಿಕ್
ಆಗಸ್ಟ್ 14, ಮಧ್ಯಾಹ್ನ

ಬಂದು ವಾರವಾಯಿತು. ಕಿಡ್ನಿ ಪೂರ್ತಿ ಸರಿಯಾಗುವ ಭರವಸೆಯನ್ನು ಡಾಕ್ಟರ್ ಕೊಡಲಿಲ್ಲ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಬೇಕು. ಮುಂದೆ ಹೇಗೋ ಹೇಳಲಾರೆ ಎಂದರು.

ಇವತ್ತು ಊಟವಾದ ಮೇಲೆ ವಾರಿಜಾ ನನ್ನ ಎದುರು ಬಂದು ನಿಂತಳು. "ತಮ್ಮನನ್ನು ಎತ್ಕೊಳ್ಲಾ? ಇವತ್ತು ನಾನೇ ಇದ್ದೇನೆ."

ಸರೋಜಿನಿಯಕ್ಕ ಬೇಡ ಬೇಡ ಎಂದು ಕಣ್ಣಲ್ಲೇ ಹೇಳಿದರು. ನನಗೂ ಬೇಡ ಅನಿಸಿತು. ಗೋಡೆಗೆ ಒರಗಿ ಕೂತುಕೋ ಎಂದೆ. ದಿನುವನ್ನು ಅವಳ ಮಡಿಲಲ್ಲಿ ಇಟ್ಟೆ. ನನ್ನ ಕೈ ಅವನ ಕೆಳಗೇ ಇತ್ತು. ಅವಳು ಆ ಕೈಯನ್ನೇ ನೋಡಿದಳು.

ತೆಗೆದೆ.

ಎದ್ದು ಈಚೆ ಕೋಣೆಗೆ ಬಂದು ಕೂತಿದ್ದೇನೆ. ಬರೆಯುತ್ತಿದ್ದರೆ ಎದ್ದು ಓಡುವುದಿಲ್ಲ. ಬಾಗಿಲು ತೆರೆದೇ ಇದೆ. ಅವಳು ತಮ್ಮನಿಗೆ ಬಸ್ಸಿನ ಕತೆ ಹೇಳುತ್ತಿದ್ದಾಳೆ. ಮೊದಲು ನಿಫಾಡ ಬರ್ತದೆ, ಆಮೇಲೆ ಯೇವಲಾ, ಆಮೇಲೆ... ಹೆಸರು ಮರೆತಿದೆ. ಮತ್ತೆ ಮೊದಲಿನಿಂದ. ನಿಫಾಡ. ಯೇವಲಾ. ಆಮೇಲೆ — ದನಿ ಬಿಗಿಯಾಗುತ್ತಿದೆ. ವೈಜಾಪುರ ಎಂದು ಇಲ್ಲಿಂದ ಹೇಳಿಬಿಡಲೇ? ಬೇಡ.

ದಿನು ಕುಂಯ್ ಎಂದ. ಈಗ ಇಬ್ಬರದೂ ಸದ್ದಿಲ್ಲ.

ಏಳುವುದಿಲ್ಲ. ಇನ್ನು ಸ್ವಲ್ಪ ಹೊತ್ತು. ಅವಳೇ ಕರೆಯಲಿ, ಅವಳೇ —