ಹಗೇವಿನ ಕಥೆ ಹೇಳಬಾರದಿತ್ತು

ಸವಣೂರು, ಮಂಗಳವಾರ

ಹೊಳೆವ್ವಕ್ಕ,

ನಾನು ದಡಾರ ಬಂದು ಮಲಗಿದ್ದಾಗ ನೀನು ಮೊದಲ ಸಲ ಹೇಳಿದ ಕಥೆ ನೆನಪಿದೆಯೇ? ಸೊಸೆಯೊಬ್ಬಳು ತನ್ನ ದುಃಖವನ್ನು ಯಾರಿಗೂ ಹೇಳದೆ, ನೆಲದೊಳಗೆ ಜೋಳ ತುಂಬಿಡುವ ಹಗೇವಿಗೆ ಹೇಳಿ ಕಲ್ಲು ಮುಚ್ಚುತ್ತಿದ್ದಳು. ಕೊನೆಗೆ ಹಗೇವಿನ ಜೋಳವೆಲ್ಲ ಮುತ್ತಾಯಿತು. ಅದನ್ನು ನಿನ್ನೆ ಇಲ್ಲಿ ಹೇಳಿಬಿಟ್ಟೆ.

ಆಸ್ಪತ್ರೆಯ ಪದ್ಮಜಾಬಾಯಿಯವರು ಹರೆಯದ ಮಕ್ಕಳ ಮನಸ್ಸಿನ ಸಂಕಟ ತಿಳಿಯುವ ಪ್ರಶ್ನೆಗಳನ್ನು ಇಲ್ಲಿನ ಉರ್ದು ಶಾಲೆಗೆ ಹೊಂದಿಸುತ್ತಿದ್ದಾರೆ. ಕಥೆ ಹೇಳಿ ಮಕ್ಕಳ ಅಂಜಿಕೆ ಬಿಡಿಸಲೆಂದು ನನ್ನನ್ನು ಕರೆತಂದರು. ಪ್ರಶ್ನೆಗಳಲ್ಲಿದ್ದ ಪುಸ್ತಕದ ಉರ್ದು ಹುಡುಗಿಯರಿಗೆ ಹಿಡಿಸಲಿಲ್ಲ. ಆಗ ಎಂಟನೆಯ ತರಗತಿಯ ನಫೀಸಾ ಮೆಲ್ಲಗೆ, "ದಿನಾ ಎದಿ ಮ್ಯಾಲ ಬೀಸುಕಲ್ಲು ಇಟ್ಟಂಗ ಆಗ್ತದ್ರಿ" ಎಂದಳು. ಬಾಯಿಯವರು ಅದನ್ನೇ ಅವಳ ಮನೆಮಾತಿನ ಉರ್ದುವಿನಲ್ಲಿ ಏಳನೆಯ ಪ್ರಶ್ನೆಯಾಗಿ ಬರೆದುಕೊಂಡರು.

"ನಾಳೆ ಖರೇ ಬರೀರಿ. 'ಹೌದು' ಅಂದವರನ್ನಷ್ಟ ಡಾಕ್ಟರು ಕರದು ಮಾತಾಡಸ್ತಾರ" ಎಂದು ಬಾಯಿಯವರು ಎಲ್ಲರಿಗೂ ಹೇಳಿದರು. ಹುಡುಗಿ ಬಾಯಿಬಿಟ್ಟ ಖುಷಿಯಲ್ಲಿ ನಾನು ನಿನ್ನ ಕಥೆ ತೆಗೆದೆ. ಎಲ್ಲರೂ ಕಣ್ಣು ಮಿಟುಕಿಸದೆ ಕೇಳಿದರು. ನನಗೋ ಹೆಮ್ಮೆ.

ಗಂಟಲು ಕಟ್ಟಿದೆ, ಜ್ವರವಿಲ್ಲ. ಸವಣೂರ ಖಾರಾ ತಿನ್ನುವುದು ಬಿಟ್ಟಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು.

ಇಂದು ಬೆಳಿಗ್ಗೆ ಹದಿನಾಲ್ಕು ಹುಡುಗಿಯರೂ ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಬರೆದರು. ನಫೀಸಾ ಏಳನೆಯದಕ್ಕೂ 'ಇಲ್ಲ' ಎಂದು ಬರೆದು, ಹಾಳೆಯನ್ನು ನನ್ನ ಕೈಗಿಟ್ಟು ನಕ್ಕಳು: "ನಾನೂ ಹಗೇವು ಮುಚ್ಚೇನ್ರಿ, ಕಾಕಾ."

ನಿನ್ನ ತಮ್ಮ ಗೋಣೆಪ್ಪ