ಎಡಗೈಗೆ ಒಗ್ಗಿದ ಗ್ಲೈಡರ್

ಅಂಗಡಿಯ ಮೇಲಿನ ಮನೆ,
ಫೆಬ್ರವರಿ ೧೨, ಗುರುವಾರ ಸಂಜೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ‘ಚೆನ್ನಾಗಿದ್ದೇನೆ’ ಅನ್ನಬೇಡಿ, ಅದನ್ನು ಫೋನಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಬಲಗೈ ಬೆರಳುಗಳು ಏನನ್ನುತ್ತಿವೆ? ರಬ್ಬರ್ ಚೆಂಡನ್ನು ನಿಜವಾಗಿ ಹಿಸುಕುತ್ತಿದ್ದೀರೋ, ಅಥವಾ ಅಕ್ಕ ನೋಡುವಾಗ ಎರಡು ಸಲ ಹಿಸುಕಿ, ಅವಳು ಒಳಗೆ ಹೋದ ಕೂಡಲೇ ದಿಂಬಿನ ಕೆಳಗೆ ತಳ್ಳುತ್ತಿದ್ದೀರೋ? ಅಮ್ಮನ ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಜಾಸ್ತಿಯಾಗಿರಬೇಕು. ನಾನು ಆರಾಮವಾಗಿದ್ದೇನೆ. ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡುವ ಕೆಲಸ ರಾಶಿ ಬಿದ್ದಿದೆ, ಊರಿನವರೆಲ್ಲ ಒಮ್ಮೆಲೇ ಕುಳ್ಳಗಾದರೋ ಏನೋ. ಪಕ್ಕದ ನಿಮ್ಮ ಕೋಣೆಯಲ್ಲಿ ಹಲ್ಲಿನ ಅಚ್ಚುಗಳು ಬಾಯಿ ತೆರೆದುಕೊಂಡು ಕೂತಿವೆ, ಆಗಾಗ ಧೂಳು ಹೊಡೆಯುತ್ತೇನೆ. ಮೊನ್ನೆ ಒಬ್ಬ ಅಜ್ಜ ಬಂದು, ಕಟ್ಟುಹಲ್ಲು ಮಾಡುವವರು ಯಾವಾಗ ಬರುತ್ತಾರೆ ಅಂತ ಕೇಳಿದರು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಆ ಎರಡನೆಯ ಪಂಗಡದವರಿಗಾಗಿಯೇ ನಮ್ಮ ಅಂಗಡಿ ಅಂತ ನೀವು ಹೇಳುತ್ತಿದ್ದದ್ದನ್ನು ಅವರಿಗೆ ಹೇಳಿದೆ. ಪಾಪ, ಬೊಚ್ಚುಬಾಯಿ ತುಂಬ ನಕ್ಕರು.

ಈಗ ನಿಮ್ಮ ಮಾದರಿ ವಿಮಾನಗಳ ಸುದ್ದಿ. ಹೋದ ತಿಂಗಳು ಫೋನ್ ಮಾಡಿ, ‘ಎಲ್ಲವನ್ನೂ ಕ್ಲಬ್ಬಿಗೆ ಕೊಟ್ಟುಬಿಡು, ಇನ್ನು ನನ್ನ ಕೈಲಿ ಆಗೋದಲ್ಲ’ ಅಂದಿರಿ. ಅಷ್ಟು ಹೇಳಿ ಫೋನನ್ನು ಅಮ್ಮನಿಗೆ ದಾಟಿಸಿಬಿಟ್ಟಿರಿ. ಆ ದಿನ ನನಗೆ ಹೊಲಿಗೆ ಸಾಗಲಿಲ್ಲ. ಬಲಗೈಗೆ ಲಕ್ವ ಹೊಡೆದಾಗಲೂ ನಾನು ಹಾಗೆ ಹೆದರಿರಲಿಲ್ಲ. ಆಗ ನೀವು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ, ಡಾಕ್ಟರ ಮುಂದಿನ ಹಲ್ಲು ಯಾರೋ ಕೆಲಸ ಬಾರದವರು ಕಟ್ಟಿದ್ದು ಅಂತ ದೂರುತ್ತಿದ್ದಿರಿ. ವಿಮಾನ ಬೇಡ ಅಂದಾಗಲೇ ನನಗೆ ನಿಜವಾದ ಭಯ ಶುರುವಾದದ್ದು. ಆದರೂ ನಿಮ್ಮ ಮಾತು ಮೀರುವುದು ಹೇಗೆ? ಆ ವಾರವೇ ಭಾನುವಾರ ಬೆಳಿಗ್ಗೆ ರೆಕ್ಕೆ, ಬಾಲ, ಮೂತಿ ಎಲ್ಲವನ್ನೂ ಹಳೆಯ ಚಾದರಗಳಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟು ಮಡಚಿ ತುಂಬಿಕೊಂಡು, ನೀರಿನ ಘಟಕದ ಹಿಂದಿನ ನಿಮ್ಮ ಬಯಲಿಗೆ ಹೋದೆ.

ನಿಮ್ಮ ಕ್ಲಬ್ಬಿನ ಕಾರ್ಯದರ್ಶಿ, ಅದೇ ಕನ್ನಡಕದ ಅಂಗಡಿಯವರು, ಬಿಳಿ ಗ್ಲೈಡರನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ ಮತ್ತೆ ನನ್ನ ಕೈಗೇ ಇಟ್ಟರು. ‘ನಿಯಮ ಗೊತ್ತಲ್ಲಮ್ಮ, ಕೊಡೋರು ಹಾರಿಸಿ ತೋರಿಸಬೇಕು. ಹಾರಿಸಿ ತೋರಿಸದ ವಿಮಾನವನ್ನ ಕ್ಲಬ್ ತಗೊಳ್ಳೋದಿಲ್ಲ. ಈ ನಿಯಮ ಮಾಡಿದ್ದೇ ನಿಮ್ಮಪ್ಪ’ ಅಂದರು. ಯಾರೋ ಒಮ್ಮೆ ಬೆನ್ನು ಮುರಿದ ವಿಮಾನಕ್ಕೆ ಬಣ್ಣ ಬಳಿದು ದಾನ ಮಾಡಿಹೋದ ಮೇಲೆ ನೀವು ರೇಗಿಕೊಂಡು ಮಾಡಿದ ನಿಯಮವಂತೆ. ನೀವೇ ಹಾರಿಸಿ ನೋಡಿಕೊಳ್ಳಿ ಅಂದೆ. ‘ಅದು ಹೇಗಾಗುತ್ತೆ? ಕೊಡೋರೇ ಹಾರಿಸಬೇಕು’ ಅಂದರು ಮುಖ ಗಂಟಿಕ್ಕಿಕೊಂಡು. ಉಳಿದವರೆಲ್ಲ ಆಕಾಶ ನೋಡುತ್ತಿದ್ದರು, ಅಲ್ಲಿ ಒಂದು ಕಾಗೆಯೂ ಇರಲಿಲ್ಲ. ಆಗ ನನಗೆ ಅರ್ಥವಾಯಿತು. ನಿಮ್ಮ ವಿಮಾನ ತೆಗೆದುಕೊಳ್ಳಲು ಅವರಲ್ಲಿ ಒಬ್ಬರಿಗೂ ಮನಸ್ಸಿಲ್ಲ, ನಿಮ್ಮ ಮಾತು ಬೇಡ ಅನ್ನಲೂ ಧೈರ್ಯವಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೂ ಹಟ ಬಂತು. ಹಾಗಾದರೆ ನನಗೇ ಕಲಿಸಿ ಅಂದೆ.

ಕಲಿಸಿದ್ದು ಲಿಫ್ಟ್ ರಿಪೇರಿ ಮಾಡುವ ನಿಮ್ಮ ಶಿಷ್ಯೆ. ಇಷ್ಟು ವರ್ಷ ನಿಮ್ಮ ಜೊತೆ ಬಂದು ಗ್ಲೈಡರ್ ಮೇಲೇರಿಸುವ ರಬ್ಬರ್ ಹಗ್ಗ ಎಳೆದವಳು ನಾನು, ರಿಮೋಟ್ ಮುಟ್ಟಿದವಳಲ್ಲ. (ಗೊತ್ತು, ರಿಮೋಟ್ ಅನ್ನಬಾರದು. ರಿಮೋಟ್ ಟಿವಿಗೆ, ಇದು ರೇಡಿಯೋ.) ಎರಡು ರೇಡಿಯೋಗಳ ನಡುವೆ ತಂತಿ ಹಾಕಿ, ಒಂದು ಅವಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ನಾನು ತಪ್ಪಿದರೆ ಅವಳು ಒತ್ತಿ ಹಿಡಿದಿದ್ದ ಗುಂಡಿ ಬಿಟ್ಟು ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದ್ದಳು. ದೂರ ಹೋಗುವಾಗ ಎಲ್ಲವೂ ಸರಿ. ಎದುರಿಗೆ ಬರಲು ಶುರುವಾದರೆ ಅದರ ಎಡ ನನ್ನ ಬಲ, ಅದರ ಬಲ ನನ್ನ ಎಡ. ಒಮ್ಮೆ ಅವಳಿಗೂ ಹಿಡಿಯಲಾಗದೆ ಬೇಲಿಗೆ ನುಗ್ಗಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗಾಳಿ ಡೊಂಕು ಅಂದೆ. ಒಳಗಿನ ಮರದ ಕಟ್ಟು ಮುರಿದಿಲ್ಲ, ಗಾಬರಿಯಾಗಬೇಡಿ. ಎಡರೆಕ್ಕೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಹರಿಯಿತು.

ಆ ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ತಾನೇ ಅಂಟಿಸುವುದು, ಇಸ್ತ್ರಿ ನನಗೆ ಹೇಳಿಕೊಡಬೇಕೆ ಅಂತ ಮನೆಯಲ್ಲಿ ನಾನೇ ಕೂತೆ. ಒಂದು ಸುಕ್ಕೂ ಉಳಿಯಬಾರದು ಅಂತ ಮದುವೆ ಗಂಡಿನ ಕೋಟಿನ ಹಾಗೆ ಎಳೆದೆಳೆದು ಕಾಯಿಸಿದೆ. ಕನ್ನಡಿಯಾಯಿತು. ಬಯಲಿನಲ್ಲಿ ಬಿಟ್ಟರೆ ಗ್ಲೈಡರ್ ಎಡಕ್ಕೇ ಸುತ್ತುತ್ತದೆ, ಎಷ್ಟು ಬಲಕ್ಕೆ ಹಿಡಿದರೂ ಎಡಕ್ಕೇ. ಹಾಳೆ ಬಿಗಿಯಾಗಿ ರೆಕ್ಕೆಯ ತುದಿಯನ್ನೇ ತಿರುಚಿಬಿಟ್ಟಿತ್ತಂತೆ. ಶಿಷ್ಯೆ ಅದನ್ನು ಹಿಮ್ಮುಖವಾಗಿ ತಿರುಚಿ ಹಿಡಿದುಕೊಂಡಳು, ನಾನು ಮೆಲ್ಲಗೆ ಮತ್ತೆ ಕಾಯಿಸಿದೆ. ‘ದರ್ಜಿಗಳ ಕೈಗೆ ರೆಕ್ಕೆ ಕೊಡಬಾರದು’ ಅಂದಳು. ಈಗ ಒಂದು ಸಣ್ಣ ಸುಕ್ಕು ಇದೆ, ನೇರವಾಗಿ ಹಾರುತ್ತದೆ.

ಇಷ್ಟಾದ ಮೇಲೆ ಆದದ್ದೇ ಮುಖ್ಯ. ಹೋದ ವಾರ ದಪ್ಪ ಕ್ಯಾನ್ವಾಸ್ ಹೊಲಿಯುವಾಗ ಮಷೀನಿನ ಸೂಜಿ ನನ್ನ ಬಲಗೈ ಹೆಬ್ಬೆರಳಿಗೆ ನಾಟಿತು. (ಮಾಯುತ್ತಿದೆ, ಅಮ್ಮನಿಗೆ ಹೇಳಬೇಡಿ.) ಭಾನುವಾರ ದೊಡ್ಡ ಪಟ್ಟಿ ಕಟ್ಟಿಕೊಂಡು ಹೋಗಿ, ಇವತ್ತು ನನ್ನಿಂದಾಗದು, ನೋಡುತ್ತಾ ಕೂರುತ್ತೇನೆ ಅಂದೆ. ‘ಎಡಗೈಗೇನಾಗಿದೆ?’ ಅಂದಳು ಶಿಷ್ಯೆ. ಬಿಳಿ ಗ್ಲೈಡರಿಗೆ ಇಂಜಿನ್ ಇಲ್ಲ, ತಿರುಗಿಸುವುದು ಮತ್ತು ಮೂತಿ ಎತ್ತಿ ಇಳಿಸುವುದು ಎರಡೇ ಕೆಲಸ, ಎರಡನ್ನೂ ರೇಡಿಯೋದ ಎಡಬದಿಯ ಒಂದೇ ಸ್ಟಿಕ್ಕಿಗೆ ಕೊಡಬಹುದು ಅಂತ ಅವಳಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಹೇಳಿದ್ದೇ ತಡ, ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನಿಂತರು. ನನ್ನ ಪಟ್ಟಿ ಕಟ್ಟಿದ ಕೈ ನೋಡುತ್ತಾ ಎಲ್ಲರಿಗೂ ನಿಮ್ಮ ಕೈಯೇ ಕಂಡದ್ದು. ಇಷ್ಟು ದಿನ ಇದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ ಅಂತ ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಅವಳು ಕಾರಿನ ಬಾನೆಟ್ ಮೇಲೆ ರೇಡಿಯೋ ಬಿಚ್ಚಿದಳು. ಎಡ ಸ್ಟಿಕ್ಕು ಬಿಟ್ಟಲ್ಲೇ ನಿಲ್ಲುತ್ತದಲ್ಲ, ಅದು ತಾನಾಗಿ ನಡುವಿಗೆ ಮರಳುವ ಹಾಗೆ ಒಂದು ಸಣ್ಣ ಸ್ಪ್ರಿಂಗ್ ಕೂರಿಸಿದಳು. ರೇಡಿಯೋ ಹೊಟ್ಟೆಯ ಮೇಲೆ ಅಲುಗದೆ ಕೂರಲಿ ಅಂತ ಅದನ್ನು ಕೊರಳಿಗೆ ನೇತುಹಾಕುವ ಪಟ್ಟಿಯನ್ನು ಕಾರಿನಲ್ಲಿದ್ದ ಬಟ್ಟೆಪಿನ್ನುಗಳಿಂದ ನಾನು ಗಿಡ್ಡ ಮಾಡಿಕೊಂಡೆ. ಕನ್ನಡಕದವರೇ ಹಗ್ಗ ಎಳೆದು ಬಿಟ್ಟರು. ಬಲಗೈಯನ್ನು ಜೇಬಿನಲ್ಲಿ ತುರುಕಿಕೊಂಡೆ. ಮೊದಲು ಗ್ಲೈಡರ್ ಕುಡಿದವನ ಹಾಗೆ ತೂರಾಡಿತು, ಆಮೇಲೆ ಎಡಗೈಗೆ ಬುದ್ಧಿ ಬಂತು. ಘಟಕದ ತಗಡಿನ ಛಾವಣಿಯ ಮೇಲೆ ಬಿಸಿಗಾಳಿ ಏಳುತ್ತದೆ ಅಂತ ನೀವು ಹೇಳುತ್ತಿದ್ದಿರಲ್ಲ, ಅಲ್ಲಿ ಹದ್ದೊಂದು ಸುತ್ತುತ್ತಿತ್ತು. ನಾನೂ ಅದರ ಕೆಳಗೆ ಹೋಗಿ ಸುತ್ತಿದೆ. ಏರಿತು ಅಪ್ಪಾ, ಕತ್ತು ನೋಯುವಷ್ಟು ಮೇಲೆ ಏರಿತು. ಇಳಿಸುವಾಗ ಹುಲ್ಲಿನಲ್ಲಿ ಹೊಟ್ಟೆ ಸವರಿಕೊಂಡು ನನ್ನ ಕಾಲ ಬುಡಕ್ಕೇ ಬಂದು ನಿಂತಿತು. ಶಿಷ್ಯೆ ತಂತಿಯ ಆ ತುದಿಯಲ್ಲಿ ನಿಂತಿದ್ದಳಷ್ಟೇ, ಒಮ್ಮೆಯೂ ಕೈ ಹಾಕಲಿಲ್ಲ. ನಾನು ಹುಲ್ಲಿನಲ್ಲೇ ಕೂತು ಅತ್ತೆ. ಪಿನ್ನು ಚುಚ್ಚಿತು ಅಂತ ಎಲ್ಲರಿಗೂ ಹೇಳಿದೆ.

ಅಂಗಡಿಗೆ ಯಾರೋ ಬಂದ ಸದ್ದು, ನಿಲ್ಲಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ, ಅಕ್ಕನಿಗೆ ಒಂದು ಗುದ್ದು. ನಿಮ್ಮ ಆಶೀರ್ವಾದ ನನ್ನ ಮೇಲೆ ಸದಾ ಇರಲಿ, ಬೈಗುಳವೂ ಇರಲಿ, ಅದಿಲ್ಲದೆ ಮನೆ ಬಿಕೋ ಅನ್ನುತ್ತಿದೆ.

ಇಂತಿ ನಿಮ್ಮ ಕಿರಿ ಮಗಳು,
ದರ್ಜಿ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಹಾರಿಸಿ ತೋರಿಸಿದ್ದಾಯಿತು, ನಿಯಮದ ಪ್ರಕಾರ ಈಗ ಕ್ಲಬ್ಬಿಗೆ ಕೊಡಬಹುದು. ನಾನು ಕೊಟ್ಟಿಲ್ಲ. ಬರುವ ಭಾನುವಾರ ಬಿಟ್ಟು ಆಚೆ ಭಾನುವಾರ ಕನ್ನಡಕದವರ ವ್ಯಾನಿನಲ್ಲಿ ಬಿಳಿ ಗ್ಲೈಡರ್ ಸಮೇತ ಅವರು, ಶಿಷ್ಯೆ, ನಾನು ಮೂವರೂ ಅಲ್ಲಿಗೇ ಬರುತ್ತಿದ್ದೇವೆ. ಅಕ್ಕನ ಮನೆಯ ಹಿಂದಿನ ಮೈದಾನ ಸಾಕಾಗುತ್ತದಂತೆ. ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ, ಹಾಕಿ ಅಂತ ಕೇಳಲೂ ಮನಸ್ಸು ಬಾರದೆ, ನೀವು ಹೊರಗೆ ಬರುವುದನ್ನೇ ಬಿಟ್ಟಿದ್ದೀರಿ ಅಂತ ಅಮ್ಮ ಹೇಳಿದಳು. ಈ ಕಾಗದದ ಜೊತೆ ಪೊಟ್ಟಣದಲ್ಲಿ ನಿಮ್ಮ ಎರಡು ಅಂಗಿಗಳಿವೆ. ಮೇಲೆ ಕಾಣುವ ಗುಂಡಿಗಳು ಬರೀ ತೋರಿಕೆಗೆ, ಒಳಗೆ ವೆಲ್ಕ್ರೋ ಅಂಟುಪಟ್ಟಿ ಹೊಲಿದಿದ್ದೇನೆ, ಒತ್ತಿದರೆ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎಡಗೈ ಒಂದೇ ಸಾಕು ಅಪ್ಪಾ, ನಾನು ಹಾಕಿ ನೋಡಿದ್ದೇನೆ. ನೀವೇ ಹಾಕಿಕೊಂಡು ಹೊರಗೆ ಬನ್ನಿ.